ಡ್ರಾ ಮಾಡಿಕೊಳ್ಳಲು ನಾನು ಪಟ್ಟ ಪಾಡು

ಹೆಣ್ಣು ನೋಡಲು ಹೋದಾಗ ಯಾರೋ ಹವ್ಯಾಸವೇನು ಎಂದು ಕೇಳಿದರು. "ಚೆಸ್. ನಾನು ಕಾಲೇಜಿನ ಚಾಂಪಿಯನ್" ಎಂದೆ. ಪೂರ್ತಿ ಸುಳ್ಳಲ್ಲ. ಆ ವರ್ಷ ಹೆಸರು ಕೊಟ್ಟವನು ನಾನೊಬ್ಬನೇ!

ಹನ್ನೆರಡು ವರ್ಷ ನನ್ನ ಹೆಂಡತಿ ಮಂಜುಳಾ ಇದನ್ನು ತವರಿನಲ್ಲೆಲ್ಲ ಹೇಳಿಕೊಂಡು ಬಂದಳು. ನನ್ನ ಮಾವ ಕಾಮಸಮುದ್ರದ ಪಕ್ಕದ ಹಳ್ಳಿಯವರು, ಎರಡು ಹಸು ಕಟ್ಟಿ ಡೇರಿಗೆ ಹಾಲು ಹಾಕುವವರು. ಅವರಿಗೆ ಚೆಸ್ ಬರುತ್ತಿರಲಿಲ್ಲವಾದ್ದರಿಂದ ನನ್ನ ಪದವಿ ಭದ್ರವಾಗಿತ್ತು. ಈ ವರ್ಷ ಮಾವ ಮೊಣಕಾಲು ನೋವೆಂದು ಎರಡು ತಿಂಗಳು ಮಲಗಿದರು. ಮಲಗಿದವರು ಸುಮ್ಮನೆ ಮಲಗಬಾರದೆ? ಮೊಬೈಲಿನಲ್ಲಿ ಚೆಸ್ ಕಲಿತರು!

ಒಂದು ಶನಿವಾರ ಮಧ್ಯಾಹ್ನ ಕೆಜಿಎಫ್‌ನ ನಮ್ಮ ಮನೆಗೆ ಬಂದವರೇ, ಚೀಲದಿಂದ ಅವರೆಕಾಯಿ ಸುರಿದು, ತಳದಿಂದ ಚೆಸ್ ಬೋರ್ಡ್ ತೆಗೆದರು.

"ಅಳಿಯಂದ್ರೇ, ಒಂದೇ ಒಂದ್ ಆಟ ಆಡಾನ. ನಿಮ್ಮಂತೋರ ಅತ್ರ ಸೋತ್ರೂ ಮರ್ವಾದೇನೇ."

"ಬನ್ನಿ ಮಾವ, ಬೇಗ ಮುಗಿಸಿಬಿಡೋಣ" ಎಂದೆ ಉದಾರವಾಗಿ.

ಬೇಗ ಮುಗಿಯುವ ಲಕ್ಷಣವೇ ಕಂಡಿತು. ಹತ್ತು ನಡೆಯೊಳಗೆ ನನ್ನ ಎರಡೂ ಕುದುರೆ ಹೋದವು. ಹಿಂದೆಯೇ ಮಂತ್ರಿ!

ಅವರೆಕಾಯಿ ಸುಲಿಯುತ್ತಿದ್ದ ಮಂಜುಳಾ ಇಣುಕಿದಳು. "ರೀ, ನಿಮ್ಮ ಕಡೆ ಕಮ್ಮಿ ಕಾಣ್ತವಲ್ಲ?"

"ಬೇಕಂತಲೇ ಕೊಟ್ಟಿದ್ದೀನಿ. ಇದಕ್ಕೆ ರಕ್ಷಣಾ ತಂತ್ರ ಅಂತಾರೆ."

ಸಂಜೆ ಹಾಲು ಕರೆಯಲು ಮಾವ ಐದರ ಬಸ್ಸಿಗೆ ಹೊರಡಲೇಬೇಕು. ಅಲ್ಲಿಯವರೆಗೆ ತಳ್ಳಿದರೆ ಆಟ ಅರ್ಧಕ್ಕೆ ನಿಲ್ಲುತ್ತದೆ, ನನ್ನ ಮಾನ ಪೂರ್ತಿ ಉಳಿಯುತ್ತದೆ! ಒಂದೊಂದು ನಡೆಗೂ ಕಾಲು ಗಂಟೆ ಯೋಚಿಸಿದೆ. ಎರಡು ಸಲ ಕಾಫಿ ಕೇಳಿದೆ. ಮೂರು ಸಲ ಬಚ್ಚಲಿಗೆ ಹೋದೆ. ನಾಲ್ಕೂವರೆಗೆ "ಮಾವ, ಬಸ್ಸು..." ಎಂದು ಮರುಗಿದೆ.

ಮಾವ ಅತ್ತೆಗೆ ಫೋನ್ ಹಚ್ಚಿದರು. "ಇವತ್ತು ಆಲು ನೀನೇ ಕರ್ಕೊಳ್ಳೇ. ನಾಳಿಕ್ ಮದ್ಯಾನ ಬತ್ತೀನಿ. ಅಳಿಯಂದ್ರು ಬಿಡ್ತಾನೇ ಇಲ್ಲ!"

ಇನ್ನು ಉಳಿದದ್ದು ಒಂದೇ ದಾರಿ. ರಾಜನಿಗೆ ಚೆಕ್ ಇಲ್ಲದೆ, ನಮ್ಮ ಯಾವ ಕಾಯಿಗೂ ನಡೆಯಿಲ್ಲದಂತಾದರೆ ಆಟ ಡ್ರಾ. ನನ್ನ ರಾಜ ಆಗಲೇ ಮೂಲೆ ಸೇರಿ ಅಲ್ಲಾಡಲು ಜಾಗವಿಲ್ಲದೆ ನಿಂತಿದ್ದ. ಉಳಿದದ್ದು ಒಂದು ಆನೆ, ಅದನ್ನೂ ಕಳೆದುಕೊಂಡರೆ ಸಾಕು. ಗಲ್ಲಕ್ಕೆ ಕೈ ಹಚ್ಚಿ, ಮೊಣಕೈಯನ್ನು ಬೋರ್ಡಿನ ಅಂಚಿಗೆ ಊರಿ, ಆನೆಯನ್ನು ಮಾವನ ರಾಜನ ಬಾಯಿಗೇ ತಳ್ಳಿ "ಚೆಕ್!" ಎಂದೆ.

ಮಾವ ಅತ್ತ ಇತ್ತ ನೋಡಿ, ಆನೆಯನ್ನು ನುಂಗಿದರು.

"ಡ್ರಾ!" ಎಂದು ಎದ್ದು ಕೂಗಿದೆ. "ನನಗೆ ನಡೆಯೇ ಇಲ್ಲ! ನೋಡಿದೆಯಾ ಮಂಜುಳಾ?"

ಅವಳು ನೋಡಿದಳು. ನನ್ನ ಮೊಣಕೈ ಎದ್ದ ಜಾಗವನ್ನು ನೋಡಿದಳು.

"ರೀ, ಈ ಪುಟಾಣಿ ಯಾರ್ದು?"

ಒಂದು ಕಾಲಾಳು! ನನ್ನದೇ! ಎದುರಿಗೆ ಖಾಲಿ ಮನೆ. ನಿಯಮದ ಪ್ರಕಾರ ಅದನ್ನು ನಡೆಸಲೇಬೇಕು. ನಡೆಸಿದೆ. ಮಾವ ಮಂತ್ರಿಯನ್ನು ತಂದು ನನ್ನ ರಾಜನ ಮಗ್ಗುಲಿಗೆ ಮೆತ್ತಗೆ ಇಟ್ಟರು. ಮುಗಿಯಿತು.

"ಬೇಜಾರ್ ಮಾಡ್ಕೋಬ್ಯಾಡಿ ಅಳಿಯಂದ್ರೇ" ಎಂದು ಮಾವ ನಿಜವಾದ ಗೌರವದಿಂದಲೇ ಹೇಳಿದರು. "ಸೋಲಾಕೆ ಇಷ್ಟ್ ಕಷ್ಟ ಬಿದ್ದೋರ್ನ ನಾನ್ ನೋಡೇ ಇಲ್ಲ. ಬೆಳಿಗ್ಗೆ ಇನ್ನೊಂದಾಟ ಆಡಾನ."

"ನಾಳೆ ಡ್ಯೂಟಿ ಇದೆ ಮಾವ" ಎಂದೆ.

ಬೆಳಿಗ್ಗೆ ಏಳಕ್ಕೇ ಫ್ಯಾಕ್ಟರಿಯ ಗೇಟಿನಲ್ಲಿದ್ದೆ. ವಾಚ್‌ಮನ್ ಕಣ್ಣುಜ್ಜಿಕೊಂಡ.

"ಏನ್ ಸಾರ್, ಇವತ್ತು ಭಾನುವಾರ, ಲೀವ್ ತಾನೇ?"

"ಗೊತ್ತಪ್ಪ" ಎಂದೆ. "ಮಧ್ಯಾಹ್ನದವರೆಗೆ ಕೂತ್ಕೊಳ್ಳೋಕೆ ಒಂದು ಸ್ಟೂಲ್ ಕೊಡು."