ಕಾಲು ಗಂಟೆಯ ಗಿರಣಿ

"ಕಂಟ್ರೋಲರ್ ಸಾಹೇಬ್ರ, ಲಗೂನ ಬರ್ರಿ! ಇಲ್ಲಿ ಇತಿಹಾಸ ನಡೆಯಾಕತ್ತೈತಿ!"

ಕಾಂಪೌಂಡ್ ಗೋಡೆಯ ಮೇಲೆ ಪಕ್ಕದ ಮನೆಯ ಗುರುಪಾದಪ್ಪನ ತಲೆ ಕಾಣಿಸಿಕೊಂಡರೆ ನಾನು ಮೊದಲು ನಮ್ಮ ಮನೆಯ ಮೇನ್ ಸ್ವಿಚ್ ಆಫ್ ಮಾಡುತ್ತೇನೆ. ಅನುಭವ! ಗದಗಿನಲ್ಲಿ ಅವನಷ್ಟು ನುಣ್ಣಗೆ ಜೋಳ ಬೀಸಿಕೊಡುವ ಹಿಟ್ಟಿನ ಗಿರಣಿಯವ ಇನ್ನೊಬ್ಬನಿಲ್ಲ. ಆದರೆ ಗಿರಣಿ ನಿಂತಾಗಲೆಲ್ಲ ಅವನ ತಲೆ ತಿರುಗಲು ಶುರುವಾಗುತ್ತದೆ. ಹೋದ ವರ್ಷ ರೊಟ್ಟಿ ಬಡಿಯುವ ಯಂತ್ರ ಮಾಡಿದ್ದ. ಅದು ರೊಟ್ಟಿ ಬಿಟ್ಟು ಅವನನ್ನೇ ಬಡಿಯಿತು!

ಕಂಟ್ರೋಲರ್ ಎಂದರೆ ನಾನು. ಬಸ್ ಸ್ಟ್ಯಾಂಡಿನಲ್ಲಿ ಕೂತು ಬಾರದ ಬಸ್ಸುಗಳಿಗೆ ಟೈಮು ಹೇಳಿ ಹೇಳಿ ನಿವೃತ್ತನಾದವನು. ಹಾಗಾಗಿ ಗಡಿಯಾರದ ಮಾತನ್ನು ನಾನು ಸುಲಭಕ್ಕೆ ನಂಬುವುದಿಲ್ಲ.

ಹೋಗಿ ನೋಡಿದರೆ ಗಿರಣಿಯ ಪಕ್ಕದಲ್ಲಿ ಹೊಸದೊಂದು ಅವತಾರ ನಿಂತಿತ್ತು. ಮೇಲೆ ಕಾಳು ಸುರಿಯುವ ತಗಡಿನ ಬಾಯಿ, ನಡುವೆ ವಾಷಿಂಗ್ ಮಷೀನಿನ ಹೊಟ್ಟೆ, ಹಿಂದೆ ಟೇಬಲ್ ಫ್ಯಾನಿನ ಕುತ್ತಿಗೆ, ಮುಂದೆ ಹಿಟ್ಟು ಬೀಳುವ ಬಟ್ಟೆಯ ತೋಳು.

"ಮ್ಯಾಲೆ ಭಾರತದ ಟೈಮ್ ಹಾಕಿದ್ರ ಕೆಳಗ ನೇಪಾಳದ ಟೈಮ್ ಬೀಳತೈತಿ!" ಎಂದು ಗುರುಪಾದಪ್ಪ ಎದೆಯುಬ್ಬಿಸಿದ.

"ಹದಿನೈದು ನಿಮಿಷ ಕೂಡಿಸಾಕ ನನ್ನ ವಾಷಿಂಗ್ ಮಷೀನ್ ಯಾಕ ಬೇಕಾಗಿತ್ತ್ರೀ?" ಒಳಗಿನಿಂದ ಅವನ ಹೆಂಡತಿ ನೀಲವ್ವ ಒದ್ದೆ ಕೈಯಲ್ಲೇ ಬಂದಳು. "ಮೂರು ದಿನದಿಂದ ಬಟ್ಟಿ ಕೈಲೆ ಒಗ್ಯಾಕತ್ತೀನಿ!"

"ಕೂಡಸೋದಲ್ಲ, ಕಳಿಯೋದು!"

"ಕೂಡಸೋದ್ರೀ!"

"ಅವರ ಟೈಮಿನಿಂದ ನಮ್ಮ ಟೈಮಿಗೆ ಬರಬೇಕಂದ್ರ ಕಳಿಯೋದು! ನಮ್ಮಿಂದ ಅವರಿಗೆ ಹೋಗಬೇಕಂದ್ರ ಕೂಡಸೋದು! ಇದರಾಗೇ ಹೋದ ವಾರ ನಮ್ಮ ಮಾನ ಹೋತಲ್ಲ!"

ಆ ಕತೆ ಹೀಗೆ. ಅವರ ಒಬ್ಬಳೇ ಮಗಳು ವಿದ್ಯಾಶ್ರೀ ಕಾಠ್ಮಂಡುವಿನಲ್ಲಿ ಹಲ್ಲಿನ ಡಾಕ್ಟರಿಕೆ ಓದಿ ಬಂದಿದ್ದಾಳೆ. ಓದಿನ ಜೊತೆಗೆ ಬಿಬೇಕ್ ಎಂಬ ಹುಡುಗನನ್ನೂ ಮೆಚ್ಚಿ ಬಂದಿದ್ದಾಳೆ. ಎರಡೂ ಮನೆಯವರು ಒಬ್ಬರನ್ನೊಬ್ಬರು ನೋಡಲು ವಿಡಿಯೋ ಕಾಲ್ ಎಂದು ಗೊತ್ತಾಯಿತು. ಹುಡುಗನ ತಂದೆ ಘಿಮಿರೆ ಮಾಸ್ತರರು ಅವರ ಸಂಜೆ ಐದಕ್ಕೆ ಟೈಮು ಕೊಟ್ಟರು. ನೇಪಾಳದ ಗಡಿಯಾರ ನಮ್ಮದಕ್ಕಿಂತ ಕಾಲು ಗಂಟೆ ಮುಂದೆ. ಅಂದರೆ ನಾವು ಐದಕ್ಕೆ ಕಾಲು ಗಂಟೆ ಮೊದಲೇ ಕೂರಬೇಕಿತ್ತು. ಗುರುಪಾದಪ್ಪ ಕಳೆಯುವುದು ಬಿಟ್ಟು ಕೂಡಿಸಿ ಐದೂಕಾಲಕ್ಕೆ ಫೋನ್ ಹಚ್ಚಿದ. ಅಷ್ಟರಲ್ಲಿ ಅಲ್ಲಿ ಐದೂವರೆ! ನಲವತ್ತು ವರ್ಷ ಗಣಿತ ಕಲಿಸಿದ ಮಾಸ್ತರರು, "ಕಾಲು ಗಂಟೆ ಕೂಡಿಸಿ ಕಳೆಯಲು ಬಾರದ ಮನೆಯ ಜೊತೆ ಸಂಬಂಧ ಹೇಗೆ?" ಎಂದು ಫೋನ್ ಇಟ್ಟುಬಿಟ್ಟರು. ವಿದ್ಯಾಶ್ರೀ ಎರಡು ದಿನ ಊಟ ಬಿಟ್ಟಳು. ಪಾಪ, ನಮ್ಮ ಕೈಯಲ್ಲೇ ಬೆಳೆದ ಹುಡುಗಿ, ನನಗೂ ತುತ್ತು ಇಳಿಯಲಿಲ್ಲ.

ಬಿಬೇಕ್ ಕಾಲು ಹಿಡಿದು ಕೇಳಿದ ಮೇಲೆ ಮಾಸ್ತರರು ಇನ್ನೊಂದು ಅವಕಾಶ ಕೊಟ್ಟಿದ್ದರು, ಬರುವ ಶನಿವಾರ ಬೆಳಿಗ್ಗೆ. ಅಲ್ಲಿಯೂ ಪೇಚಾಟ. ಶನಿವಾರ ನಮ್ಮ ರಾಹುಕಾಲ ಮುಗಿಯುವುದು ಹತ್ತೂವರೆಗೆ. ಅವರ ಪುರೋಹಿತರು ಕೊಟ್ಟ ಶುಭ ಘಳಿಗೆ ಮುಗಿಯುವುದು ಅವರ ಹನ್ನೊಂದಕ್ಕೆ, ಅಂದರೆ ನಮ್ಮ ಹತ್ತೂ ಮುಕ್ಕಾಲಿಗೆ. ನಡುವಿನ ಆ ಕಾಲು ಗಂಟೆಯಲ್ಲಿ ಎರಡೂ ಕಡೆಯವರು "ಹೂಂ" ಅನ್ನಬೇಕು. ಇಲ್ಲದಿದ್ದರೆ ಮಾತು ಮುರಿದಂತೆ!

"ಅಪ್ಪಾ, ಎರಡೂ ಊರಿನ ಟೈಮ್ ಮೊಬೈಲ್‌ನಾಗೇ ತೋರಸ್ತೈತಿ," ಎಂದಳು ವಿದ್ಯಾಶ್ರೀ.

"ತೋರಿಸೋದು ಬ್ಯಾರೆ, ಬೀಸೋದು ಬ್ಯಾರೆ!" ಎಂದ ಗುರುಪಾದಪ್ಪ ತನ್ನ ಕೈಗಡಿಯಾರ ಬಿಚ್ಚಿ ತಗಡಿನ ಬಾಯಿಗೆ ಹಾಕಿದ. ಯಂತ್ರ ಗಡಗಡ ಎಂದಿತು. ಬಟ್ಟೆಯ ತೋಳಿನಿಂದ ಗಡಿಯಾರ ಬಿತ್ತು. ಸರಿಯಾಗಿ ಕಾಲು ಗಂಟೆ ಮುಂದೆ!

ನೀಲವ್ವ ಅದನ್ನು ಎತ್ತಿಕೊಂಡು ಕಿವಿ ತಿರುಗಿಸಿ ಮೊದಲಿನ ಹಾಗೆ ಮಾಡಿದಳು. "ಇದಕ್ಕ ಮಷೀನ್ ಬ್ಯಾಡ್ರಿ, ಎರಡು ಬೆರಳು ಸಾಕು."

ಅವನಿಗೆ ಸಿಟ್ಟು ಬಂತು. ನನ್ನ ಕೈಯಲ್ಲಿದ್ದ ಬಿಸಿ ಮಿರ್ಚಿ ಭಜಿಯನ್ನು ಕಸಿದು ಒಳಗೆ ಹಾಕಿದ. ಹೊರಗೆ ಬಂದದ್ದು ತಣ್ಣಗಿನ, ಮೆತ್ತಗಿನ ಭಜಿ. ಹೊತ್ತಿಸಿದ ಊದುಬತ್ತಿ ಹಾಕಿದ, ಮೋಟು ಬಂತು. ಅವನು ಗಡಿಯಾರದ ಮುಳ್ಳನ್ನಷ್ಟೇ ಅಲ್ಲ, ಕಾಲವನ್ನೇ ಮುಂದಕ್ಕೆ ತಳ್ಳುತ್ತಿದ್ದ! ನಾನು ಬಾಯಿ ತೆರೆದು ನಿಂತೆ.

ಸುದ್ದಿ ಓಣಿಗೆ ಹರಡಲು ಎಷ್ಟು ಹೊತ್ತು? ನೆನೆಹಾಕಿದ ಸಾಬೂದಾಣಿ, ಆರಬೇಕಾದ ಕೈಯ ಮೆಹಂದಿ, ಹೆಪ್ಪು ಹಾಕಿದ ಹಾಲು ಎಲ್ಲವೂ ಸಾಲಾಗಿ ಬಂದವು. ಮೊಸರಾಗಲು ಹಾಲನ್ನು ಇಪ್ಪತ್ತು ಸಲ ಬೀಸಬೇಕಾಯಿತು. ಗುರುಪಾದಪ್ಪ ಯಾರಿಗೂ ಇಲ್ಲ ಅನ್ನಲಿಲ್ಲ. ನಾನೂ ಮೀಸೆಗೆ ಬಣ್ಣ ಹಚ್ಚಿಕೊಂಡು, ಕಾಲು ಗಂಟೆ ಯಾರು ಕಾಯುತ್ತಾರೆ ಎಂದು ಮುಖವನ್ನು ತಗಡಿನ ಬಾಯಿಗೆ ಒಡ್ಡಿದೆ. ಎಡಗಡೆ ಮಾತ್ರ ಒಳಗೆ ಹೋಯಿತು. ಅಂದಿನಿಂದ ನಾಲ್ಕು ದಿನ ನನ್ನ ಎಡಗಣ್ಣಿಗೆ ಬಲಗಣ್ಣಿಗಿಂತ ಮೊದಲೇ ನಿದ್ದೆ ಬರುತ್ತಿತ್ತು!

"ಯಾವುದಕ್ಕೂ ಮಷೀನ್ ಒಮ್ಮೆ ಝಾಡಿಸ್ರಿ," ಎಂದು ನೀಲವ್ವ ದಿನವೂ ಹೇಳುತ್ತಿದ್ದಳು. ಗಿರಣಿ ಎಂದ ಮೇಲೆ ಪ್ರತಿ ಸಲ ಒಂದು ಹಿಡಿ ಹಿಟ್ಟು ಒಳಗೇ ಉಳಿಯುತ್ತದೆ. ಖಾರ ಬೀಸಿದ ಮೇಲೆ ತೋಳು ಬಡಿದು ಝಾಡಿಸದಿದ್ದರೆ ಮುಂದಿನವರ ಗೋಧಿ ಹಿಟ್ಟು ಕಣ್ಣೀರು ತರಿಸುತ್ತದೆ.

"ಟೈಮ್ ಏನು ಮೆಣಸಿನಕಾಯಿ ಐತೇನ?" ಎಂದು ಅವನು ನಕ್ಕುಬಿಡುತ್ತಿದ್ದ.

ಶನಿವಾರ ಬಂತು. ವಿದ್ಯಾಶ್ರೀ ಇಳಕಲ್ ಸೀರೆ ಉಟ್ಟು ಹಾಲ್‌ನಲ್ಲಿ ಕೂತಳು. ನೀಲವ್ವ ಶೇಂಗಾ ಹೋಳಿಗೆ ಜೋಡಿಸಿ ಊದುಬತ್ತಿ ಹಚ್ಚಿದಳು. ಹಿರಿಯನೆಂದು ನನ್ನನ್ನೂ ಕೂರಿಸಿದರು. ಗುರುಪಾದಪ್ಪ ಮಾತ್ರ ಯಂತ್ರವನ್ನು ಹಾಲ್‌ಗೇ ಎಳೆದು ತಂದಿದ್ದ.

"ರಾಹುಕಾಲ ಮುಗಿಯೋಮಟ ಫೋನ್ ಮುಟ್ಟಬ್ಯಾಡ್ರಿ!" ಎಂದಳು ನೀಲವ್ವ.

"ನಂದು ಬರೇ ಟೆಸ್ಟಿಂಗ್!" ಎಂದವನೇ ತನ್ನ ಮೊಬೈಲನ್ನು ತಗಡಿನ ಬಾಯಿಗೆ ಹಾಕಿದ. ಗಡಗಡ ಸದ್ದಾಗಿ ಮೊಬೈಲು ಕೆಳಗೆ ಬಿತ್ತು. ಕಾಲು ಗಂಟೆ ಮುಂದಕ್ಕೆ ಹೋದ ಮೊಬೈಲು! ಅದರಲ್ಲಿ, ಇನ್ನೂ ಬಾರದಿದ್ದ ಕಾಲ್ ಆಗಲೇ ಅರ್ಧ ನಡೆದಿತ್ತು. ಟೋಪಿ ಹಾಕಿದ ಘಿಮಿರೆ ಮಾಸ್ತರರು ಧಡಕ್ಕನೆ ಎದ್ದು ನಿಂತು ಹಿಂದಿಯಲ್ಲಿ ಗುಡುಗಿದರು: "ಇಲ್ಲ! ಇದಕ್ಕೆ ನಾನು ಒಪ್ಪುವುದಿಲ್ಲ!"

ಅಷ್ಟೇ. ಮೊಬೈಲು ಬಿಸಿಯಾಗಿ ಸತ್ತುಹೋಯಿತು.

ನೀಲವ್ವ ಗಂಡನ ಕಡೆ ತಿರುಗಿದಳು. "ಏನ್ ಅಂದ್ರೀ ನೀವು ಅವರಿಗೆ?"

"ನಾ ಇನ್ನೂ ಬಾಯೇ ತೆರದಿಲ್ಲಲ್ಲ!"

"ತೆರೀತೀರಲ್ಲ ಇನ್ನ ಸ್ವಲ್ಪ ಹೊತ್ತಿಗೆ! ಏನರ ಒದರೇ ಒದರ್ತೀರಿ!"

"ನೀನೇ ವಾಷಿಂಗ್ ಮಷೀನಿನ ಪುರಾಣ ತೆಗದಿರ್ತಿ!"

"ನಾ ಯಾಕ ತೆಗೀಲಿ? ಕಂಟ್ರೋಲರ್ ಅಣ್ಣಾರ ಏನರ ಚಾಷ್ಟಿ ಮಾಡಿರಬೇಕು!"

ಮಾಡದ ಚೇಷ್ಟೆಗೆ ನಾನು ಕ್ಷಮೆ ಕೇಳಬೇಕಾಯಿತು! ವಿದ್ಯಾಶ್ರೀಯ ಕಣ್ಣು ತುಂಬಿ ಬಂದಿತ್ತು. "ಕೈ ಮುಗಿತೀನಿ, ಯಾರೂ ಒಂದು ಮಾತೂ ಆಡಬ್ಯಾಡ್ರಿ. ಕಾಕಾ, ನೀವೂ ಅಷ್ಟ. ಬಾಯಿ ಮುಚ್ಚಿಕೊಂಡು ಕುಂದರ್ರಿ."

ಹತ್ತೂವರೆ. ಅಪ್ಪನ ಮೊಬೈಲು ಸತ್ತಿದ್ದರಿಂದ ಮಗಳ ಮೊಬೈಲು ಹಾಡಿತು. ಘಿಮಿರೆ ಮಾಸ್ತರರು, ಅವರ ಹೆಂಡತಿ, ನಡುವೆ ಬೆವರುತ್ತಿರುವ ಬಿಬೇಕ್. ನಾವು ನಾಲ್ವರೂ ತುಟಿ ಬಿಗಿದು ಕೈ ಮುಗಿದೆವು.

"ಎಲ್ಲರೂ ಕ್ಷೇಮವೇ?" ಮಾಸ್ತರರು ಕೇಳಿದರು.

ನಾವು ತಲೆಯಾಡಿಸಿದೆವು.

"ಊರಿನಲ್ಲಿ ಬಿಸಿಲು ಹೇಗಿದೆ?"

ಗುರುಪಾದಪ್ಪ ಟವೆಲಿನಿಂದ ಬೀಸಿಕೊಂಡು ತೋರಿಸಿದ. ಮಾಸ್ತರರು ಮೊಬೈಲನ್ನು ಎರಡು ಸಲ ತಟ್ಟಿದರು. "ದನಿ ಬರುತ್ತಿಲ್ಲವಲ್ಲ, ಬಿಬೇಕ್?" ಬಿಬೇಕ್ ವಿದ್ಯಾಶ್ರೀಯನ್ನು ನೋಡಿದ, ಅವಳು ನೆಲ ನೋಡಿದಳು. ನಿಮಿಷಗಳು ಜಾರುತ್ತಿದ್ದವು. ಮಾಸ್ತರರ ಹುಬ್ಬು ಗಂಟಿಕ್ಕಿತು.

ಕಡೆಗೆ ಗುರುಪಾದಪ್ಪನಿಗೇ ತಡೆಯಲಾಗಲಿಲ್ಲ. "ಮಾಸ್ತರ್ರ, ನನ್ನ ಲೆಕ್ಕ ಕಚ್ಚಾ ಐತ್ರಿ!" ಎಂದು ಬಾಯಿ ಬಿಟ್ಟ. "ಹೋದ ವಾರದ ತಪ್ಪು ನಂದು. ನನ್ನ ಮಗಳದ್ದು ಏನೂ ಇಲ್ರಿ. ಅದಕ್ಕಂತನ ಈ ಟೈಮ್ ಬೀಸೋ ಗಿರಣಿ ಮಾಡಿದೆ. ಇದೂ ಸುಡುಗಾಡು ಹಾಳಾತು. ಇವತ್ತ ಇದನ್ನ ಗುಜರಿಗೆ ಹಾಕಿಬಿಡ್ತೀನ್ರಿ!"

ವಿದ್ಯಾಶ್ರೀ ಅದನ್ನು ಹಿಂದಿಗೆ ತಿರುಗಿಸಿ ಹೇಳಿದಳು. ಮಾಸ್ತರರು ಧಡಕ್ಕನೆ ಎದ್ದು ನಿಂತರು.

"ಇಲ್ಲ! ಇದಕ್ಕೆ ನಾನು ಒಪ್ಪುವುದಿಲ್ಲ!"

ಮುಗಿಯಿತು! ನೀಲವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ನಾನು ಕಣ್ಣು ಮುಚ್ಚಿದೆ.

"ಕಾಲವನ್ನು ಬೀಸುವ ಗಿರಣಿಯನ್ನು ಗುಜರಿಗೆ ಹಾಕುವುದೇ?" ಮಾಸ್ತರರು ಮೊಬೈಲಿನೊಳಗೇ ಬರುವಂತೆ ಬಾಗಿದ್ದರು. "ನಲವತ್ತು ವರ್ಷ ಕಾಲದ ಲೆಕ್ಕ ಕಲಿಸಿದೆ. ಅದಕ್ಕಾಗಿ ಒಂದು ಯಂತ್ರ ಮಾಡಬೇಕೆಂದು ಒಬ್ಬ ವಿದ್ಯಾರ್ಥಿಗೂ ಅನಿಸಲಿಲ್ಲ! ಮೊದಲು ನಡೆಸಿ ತೋರಿಸಿ, ಬೀಗರೇ!"

ಬೀಗರೇ! ಆ ಒಂದು ಮಾತಿಗೆ ಗುರುಪಾದಪ್ಪ ಗಿರಣಿಯಷ್ಟೇ ಜೋರಾಗಿ ತಿರುಗಿದ. ವಿವರಣೆ ಶುರುವಾಯಿತು. ಬೆಲ್ಟು, ಕಲ್ಲು, ಮೋಟಾರು ಎಂದು ಅವನು ತೋರಿಸುತ್ತಾ ಹೋದ, ಮಾಸ್ತರರು ಒಂದೊಂದಕ್ಕೂ ನಾಲ್ಕು ಪ್ರಶ್ನೆ ಕೇಳಿದರು. ಆಗಲೇ ಹತ್ತು ನಲವತ್ತು!

"ಅಪ್ಪಾ! ಇನ್ನೂ ಯಾರೂ ಹೂಂ ಅಂದಿಲ್ಲ!" ವಿದ್ಯಾಶ್ರೀ ಕೂಗಿದಳು.

"ಒಂದೇ ನಿಮಿಷ!" ಎಂದು ಅವನು ಸ್ವಿಚ್ ಒತ್ತಿದ. ಯಂತ್ರ ಗುರ್ ಎಂದಿತು, ಕೆಮ್ಮಿತು, ಹೊಟ್ಟೆ ಉಬ್ಬಿಸಿ ನಿಂತುಬಿಟ್ಟಿತು.

"ಝಾಡಿಸ್ರಿ ಅಂತ ಬಡಕೊಂಡ್ನಲ್ಲ!" ಎಂದು ನೀಲವ್ವ ಲಟ್ಟಣಿಗೆ ಹಿಡಿದು ಬಂದಳು. ಗಿರಣಿಯವನ ಹೆಂಡತಿ, ಅಭ್ಯಾಸದ ಕೈ. ಬಟ್ಟೆಯ ತೋಳಿನ ಮೇಲೆ ಫಟ್ ಫಟ್ ಎಂದು ನಾಲ್ಕು ಬಾರಿಸಿದಳು.

ಆಗ ಬಿತ್ತು ನೋಡಿ! ಸಾಬೂದಾಣಿಯಿಂದ, ಮೆಹಂದಿಯಿಂದ, ಹಾಲಿನಿಂದ, ನನ್ನ ಅರ್ಧ ಮೀಸೆಯಿಂದ ಹಾರಿಸಿದ ಕಾಲು ಗಂಟೆಗಳೆಲ್ಲ ಹಿಟ್ಟಿನ ಹಾಗೆ ಒಳಗೇ ಕೂತಿದ್ದವು. ಅಷ್ಟೂ ಒಟ್ಟಿಗೆ ಧೊಪ್ಪೆಂದು ಹಾಲ್‌ಗೆ ಸುರಿದವು! ಕಣ್ಣಿಗೆ ಏನೂ ಕಾಣಲಿಲ್ಲ, ಆದರೆ ಗೋಡೆಯ ಗಡಿಯಾರ ಹತ್ತು ನಲವತ್ತಕ್ಕೆ ನಿಂತಿತು. ಊದುಬತ್ತಿ ಉರಿಯುತ್ತಿತ್ತು, ಆದರೆ ಕರಗಲಿಲ್ಲ. ಹಾಲ್‌ನಲ್ಲಿ ಬಳಸದ ಹೊತ್ತು ಮೊಣಕಾಲುದ್ದ ತುಂಬಿಕೊಂಡಿತ್ತು.

ಕಾಠ್ಮಂಡುವಿನಲ್ಲಿ ಅಂಥದ್ದೇನೂ ಆಗಿರಲಿಲ್ಲ; ನಾವು ಬೆರಗಾಗಿ ಸುತ್ತ ನೋಡುವಷ್ಟರಲ್ಲಿ ಅಲ್ಲಿ ಹತ್ತು ನಿಮಿಷ ಓಡಿಹೋಗಿತ್ತು. "ಅಯ್ಯೋ, ಹನ್ನೊಂದೂ ಐದು ಆಗಿಹೋಯಿತು! ಶುಭ ಘಳಿಗೆ ಹೋಯಿತು!" ಎಂದು ಮಾಸ್ತರರ ಹೆಂಡತಿ ತಲೆಗೆ ಕೈ ಹಚ್ಚಿದರು. ವಿದ್ಯಾಶ್ರೀ ಬಿಳಿಚಿಕೊಂಡಳು.

"ತಡೆ," ಎಂದರು ಮಾಸ್ತರರು. "ಬೀಗರೇ, ನಿಮ್ಮಲ್ಲಿ ಈಗ ಎಷ್ಟು ಗಂಟೆ?"

"ಹತ್ತು ನಲವತ್ತ್ರಿ," ಎಂದ ಗುರುಪಾದಪ್ಪ, ಗಡಿಯಾರದ ಕಡೆ ಮೊಬೈಲು ತಿರುಗಿಸಿ.

ಮಾಸ್ತರರು ಬೆರಳು ಮಡಿಚಿದರು. "ಹತ್ತು ನಲವತ್ತಕ್ಕೆ ಹದಿನೈದು ಕೂಡಿಸಿದರೆ ಹತ್ತು ಐವತ್ತೈದು. ಹಾಗಾದರೆ ನಮ್ಮಲ್ಲಿ ಇನ್ನೂ ಹನ್ನೊಂದಾಗಿಲ್ಲ!"

"ನಮ್ಮ ಗಡಿಯಾರ ನೋಡಿ!" ಎಂದರು ಅವರ ಹೆಂಡತಿ.

"ಗಡಿಯಾರ ಕೆಡುತ್ತದೆ. ಲೆಕ್ಕ ಕೆಡುವುದಿಲ್ಲ!" ಎಂದು ಗದರಿದ ಮಾಸ್ತರರು ಗೋಡೆಯಿಂದ ತಮ್ಮ ಗಡಿಯಾರ ಇಳಿಸಿ, ಮುಳ್ಳು ಹಿಂದಕ್ಕೆ ತಿರುಗಿಸಿ ಮತ್ತೆ ತೂಗುಹಾಕಿದರು. "ಶುಭ ಘಳಿಗೆಯಲ್ಲೇ ಹೇಳುತ್ತಿದ್ದೇನೆ. ನಮಗೆ ಹುಡುಗಿ ಒಪ್ಪಿಗೆ!"

"ಹೂಂ! ಹೂಂ! ಹೂಂ!" ಎಂದು ಗುರುಪಾದಪ್ಪ ಮೂರು ಸಲ ಕೂಗಿದ. ವಿದ್ಯಾಶ್ರೀ ಅಳುತ್ತಾ ನಗುತ್ತಾ ಅವನ ಕುತ್ತಿಗೆಗೆ ಬಿದ್ದಳು. ನಾನು ಯಾರನ್ನೂ ಕೇಳದೆ ಒಂದು ಹೋಳಿಗೆ ಬಾಯಿಗೆ ಹಾಕಿಕೊಂಡೆ.

ಸುರಿದ ಹೊತ್ತನ್ನು ಬಳಿಯಲು ನೀಲವ್ವ ಕಸಬರಿಗೆ ಹಿಡಿದು ಎರಡು ತಾಸು ಒದ್ದಾಡಿದಳು, ಆ ಎರಡು ತಾಸೂ ಹತ್ತು ನಲವತ್ತೇ! ಹೊಸ್ತಿಲು ದಾಟಿದರೆ ಊರಿನ ಟೈಮು, ಒಳಗೆ ಬಂದರೆ ಮತ್ತೆ ಶನಿವಾರದ ಶುಭ ಘಳಿಗೆ. ಸುದ್ದಿ ತಿಳಿದ ಜನ ನಿಶ್ಚಯಕ್ಕೆ, ಕೂಸಿಗೆ ಹೆಸರಿಡಲು ಸಾಲುಗಟ್ಟಿದರು. ಒಬ್ಬನಂತೂ ಹೊಸ ಟ್ರ್ಯಾಕ್ಟರನ್ನೇ ಹಾಲ್‌ಗೆ ನುಗ್ಗಿಸಲು ನೋಡಿದ. "ಮನೀನ ತೇರಿನ ಬೀದಿ ಮಾಡಿದ್ರಿ!" ಎಂದು ನೀಲವ್ವ ಬೈಯುತ್ತಿದ್ದಳು, ಆದರೆ ಬಂದವರಿಗೆಲ್ಲ ನಗುನಗುತ್ತಾ ಚಹಾ ಕೊಡುತ್ತಿದ್ದಳು.

ಇಂಥ ಹಾಲ್ ಇರುವಾಗ ಮದುವೆಗೆ ಬೇರೆ ಕಲ್ಯಾಣ ಮಂಟಪ ಯಾಕೆ ಎಂದರು ಘಿಮಿರೆ ಮಾಸ್ತರರು. ಇವತ್ತು ಮದುವೆ, ಎರಡೂ ಕಡೆಯವರು ಇಲ್ಲೇ ಸೇರಿದ್ದೇವೆ. ವಿದ್ಯಾಶ್ರೀ, ಬಿಬೇಕ್ ಇಬ್ಬರ ಮುಖವೂ ಅರಳಿದೆ. ಸ್ವಾಮಿಗಳು ಮಂತ್ರ ಹೇಳಿದರು, ನಾವು ಅಕ್ಷತೆ ಹಾಕಿದೆವು. ಮತ್ತೆ ಹೇಳಿದರು, ಮತ್ತೆ ಹಾಕಿದೆವು. ಅಕ್ಷತೆಯ ಅಕ್ಕಿ ಮೂರು ಸಲ ತರಿಸಿ ಆಯಿತು. ಇದನ್ನು ನಾನು ಅಲ್ಲೇ ಕೂತು ಬರೆಯುತ್ತಿದ್ದೇನೆ. ಮುಹೂರ್ತ ಮುಗಿದ ಮೇಲೆಯೇ ಎಲೆ ಹಾಕುತ್ತೇವೆ ಎಂದು ಅಡುಗೆಯವರು ಹಟ ಹಿಡಿದಿದ್ದಾರೆ. ಗಡಿಯಾರ ಹತ್ತು ನಲವತ್ತಕ್ಕೇ ನಿಂತಿದೆ, ಹೊಟ್ಟೆಯ ಹಸಿವು ನಿಂತಿಲ್ಲ.