ಬಾಡಿ ಲೈಟಿನ ಬಾಧೆ

ಕಾರಿನ ಲೈಟು ಕೆಟ್ಟರೆ ನನ್ನ ಅಂಗಡಿಗೆ ರಿಪೇರಿ ಬರುತ್ತದೆ. ಪಿಕಪ್ಪಿನ ಬಾಡಿ ಲೈಟು ಕೆಟ್ಟರೆ ರಗಳೆ ಬರುತ್ತದೆ. ಬಾಡಿ ಅಂದರೆ ಹಿಂದೆ ಸರಕು ತುಂಬುವ ಜಾಗ. ಲೋಡು ಕಾಣಲಿ ಅಂತ ಅಲ್ಲೊಂದು ಲೈಟು. ತುಮಕೂರಿನ ಸತ್ಯಮಂಗಲದಲ್ಲಿ ಆಟೋ ಎಲೆಕ್ಟ್ರಿಷಿಯನ್ ಆಗಿ ಅಂಗಡಿ ಹಾಕಿದಂದಿನಿಂದ ಈ ರಗಳೆ ನನಗೆ ತಪ್ಪಿಲ್ಲ. ಅದರಲ್ಲೂ ಗುಬ್ಬಿ ಕಡೆಯ ಒಬ್ಬ ಎಳನೀರು ವ್ಯಾಪಾರಿಯದು. ಪಾಪ, ಮಗಳಿಗೆ ಗಂಡು ನೋಡುತ್ತಿದ್ದ ಮನುಷ್ಯ. ಒಳ್ಳೆ ಸಂಬಂಧ ಕೈತಪ್ಪಬಾರದು ಅನ್ನುವ ಚಿಂತೆಯ ಮೇಲೆ ಈ ಲೈಟಿನ ಚಿಂತೆ ಬೇರೆ.

ಕಾಯಿಗೆ ಬೆಳಕು

ಮೊದಲ ಸಲ ಫೋನು ಮಾಡಿದಾಗ, "ಅಣ್ಣಾ, ಲೈಟು ಹತ್ತುತಾ ಇಲ್ಲ" ಅಂದರು.

"ಸ್ವಿಚ್ ಹಾಕಿದೀರಾ ಯಜಮಾನ್ರೇ?"

"ಹಾಕಿ ಹಾಕಿ ಬೆರಳು ಸವೀತು."

"ಫ್ಯೂಸು?"

"ಹೊಸದು."

ಸರಿ, ತಗೊಂಡು ಬನ್ನಿ ಅಂದೆ. ತುಂಬಿದ ಗಾಡಿಯನ್ನೇ ತುಮಕೂರಿಗೆ ಓಡಿಸಿಕೊಂಡು ಬಂದರು. ನಾಲ್ಕು ಗೊನೆ ಪಕ್ಕಕ್ಕೆ ಸರಿಸಿದೆ. ಲೈಟು ತಣ್ಣಗೆ ಎಳನೀರಿನ ಕೆಳಗೆ ಉರಿಯುತ್ತಿತ್ತು!

ಅವರು ಬಗ್ಗಿ ನೋಡಿ ಹೇಳಿದರು: "ಅಂದ್ರೆ ಕಾಯಿಗೆಲ್ಲ ನಾನು ಕಾಣ್ತಾ ಇದ್ದೆ, ನನಗೆ ಕಾಯಿ ಕಾಣ್ತಿರಲಿಲ್ಲ ಅನ್ನಿ."

ಒಳಗಿನಿಂದ ಫೋನು

ಆಮೇಲೆ ಬಾಡಿಯ ಸುತ್ತ ತಗಡು ಹೊಡೆಸಿ, ಹಿಂದೆ ಬಾಗಿಲಿಟ್ಟು ಡಬ್ಬದ ಹಾಗೆ ಮಾಡಿಸಿಕೊಂಡರು. ಲೈಟನ್ನು ನಾನು ಮೇಲಕ್ಕೇರಿಸಿದೆ. ಬಾಗಿಲು ತೆಗೆದರೆ ಹತ್ತಬೇಕು, ಹಾಕಿದರೆ ಆರಬೇಕು, ಹಾಗೊಂದು ಸ್ವಿಚ್ಚೂ ಇಟ್ಟುಕೊಟ್ಟೆ. ಬೆಳಗಾದರೆ ಬ್ಯಾಟರಿ ಡೌನ್!

"ಬಾಗಿಲು ಹಾಕಿದಾಗ ನಿಜವಾಗಿ ಆರುತ್ತಾ ಅಂತ ನೋಡಿ" ಅಂದೆ. ಅಷ್ಟಂದಿದ್ದೇ ತಪ್ಪಾಯಿತು. ಸ್ವಲ್ಪ ಹೊತ್ತಿಗೆ ಮತ್ತೆ ಫೋನು. ದನಿ ಬಿಂದಿಗೆಯೊಳಗಿಂದ ಬಂದ ಹಾಗಿತ್ತು.

"ಆರಲಿಲ್ಲ ಅಣ್ಣಾ, ಉರೀತಾನೇ ಐತೆ."

"ಹೆಂಗೆ ನೋಡಿದ್ರಿ?"

"ಒಳಗೆ ಕೂತ್ಕೊಂಡು, ನಮ್ಮನೆಯವಳ ಕೈಲಿ ಬಾಗಿಲು ಹಾಕಿಸ್ದೆ. ಚಿಲಕ ಇರೋದು ಹೊರಗೆ. ಅವಳು ಹಾಲು ಉಕ್ತು ಅಂತ ಒಳಗೆ ಹೋದೋಳು ಬಂದಿಲ್ಲ. ಒಸಿ ಅವಳಿಗೊಂದು ಫೋನ್ ಮಾಡ್ತೀರಾ?"

"ನೀವೇ ಮಾಡಬಹುದಲ್ಲ!"

"ಮಾಡ್ದೆ. ಅಡುಗೆ ಮಾಡ್ತಾ ಇದೀನಿ, ಮನೆಗೆ ಬಂದ್ಮೇಲೆ ಮಾತಾಡಿ ಅಂತ ಇಟ್ಟುಬುಟ್ಳು."

ಕುಣಿಗಲ್ ಅಜ್ಜಿ

ಸ್ವಿಚ್ಚು ಬದಲಾಯಿಸಿದ್ದಾಯಿತು. ಅಷ್ಟರಲ್ಲಿ ಕುಣಿಗಲ್ ಕಡೆ, ಹುತ್ರಿದುರ್ಗದ ಹತ್ತಿರ ಒಳ್ಳೆ ಗಂಡು ಸಿಕ್ಕಿದ. ಆ ಮನೆಯಲ್ಲಿ ಅಜ್ಜಿಯ ಮಾತೇ ಮಾತು. ವ್ಯಾಪಾರಿ ಗಂಡಿನ ಮನೆ ನೋಡಿಬಂದವರೇ ನೇರ ನನ್ನ ಅಂಗಡಿಗೆ ಬಂದರು.

"ಸಂಜೆ ಅವರ ಮನೆಗೆ ಅಂತ ಒಯ್ದಿದ್ದ ಎಳನೀರು ಇಳಿಸ್ತಾ ಇದ್ದೆ. ಜಗಲಿ ಮೇಲಿಂದ ಅಜ್ಜಿ, 'ಆ ದೀಪ ದೊಡ್ಡದು ಮಾಡಪ್ಪಾ' ಅಂದ್ರು. ಮುಂದಿನ ಸಲ ಮಾಡ್ತೀನಜ್ಜಿ ಅಂತ ಮಾತು ಕೊಟ್ಟು ಬಂದಿದೀನಿ. ದೊಡ್ಡ ಎಲ್‌ಇಡಿ ಹಾಕಿ."

ಹಾಕಿದೆ. ಕೊನೆ ಮಾತುಕತೆಯ ದಿನ, ಲೈಟು ಕೈಕೊಟ್ಟರೆ ಮರ್ಯಾದೆ ಹೋಗುತ್ತದೆ ಅಂತ ನನ್ನನ್ನೂ ಕರೆದುಕೊಂಡು ಹೋದರು. ಮುಸ್ಸಂಜೆ. ಗಾಡಿಯ ಹಿಂಭಾಗವನ್ನು ಸರಿಯಾಗಿ ಜಗಲಿಗೆ ತಿರುಗಿಸಿ ಬಾಗಿಲು ತೆಗೆದರು. ಅಜ್ಜಿಯ ಮುಖದ ಮೇಲೆ ಹಗಲೇ ಆಯಿತು.

"ಅಯ್ಯಯ್ಯೋ! ದೊಡ್ಡದು ಮಾಡಪ್ಪಾ!" ಅಜ್ಜಿ ಕಿರುಚಿದರು.

ವ್ಯಾಪಾರಿ ನನ್ನ ಕಡೆ ತಿರುಗಿ, "ಇನ್ನೂ ಸಾಲದಂತೆ ಅಣ್ಣಾ!" ಅಂದರು. ನಾನು ಪೆದ್ದನ ಹಾಗೆ ಲೈಟನ್ನು ಇನ್ನಷ್ಟು ನೇರಕ್ಕೆ ತಿರುಗಿಸಿದೆ.

ಅಜ್ಜಿ ಸೆರಗಿನಿಂದ ಕಣ್ಣು ಮುಚ್ಚಿಕೊಂಡರು. "ಆರ್ಸು ಅಂತ ಕಣಪ್ಪಾ ನಾನು ಹೇಳಿದ್ದು! ದೀಪ ಹಚ್ಚೋ ಹೊತ್ತಲ್ಲಿ ಆರ್ಸು ಅನ್ನಬಾರ್ದು ಅಂತ ದೊಡ್ಡದು ಮಾಡು ಅಂದ್ರೆ..."

ನಮ್ಮ ಮನೆಯಲ್ಲೂ ದೇವರ ದೀಪಕ್ಕೆ ಹಾಗೇ ಅನ್ನುತ್ತಾರೆ. ಎಲ್‌ಇಡಿಗೂ ಅದೇ ಮಾತು ಅಂತ ಯಾರಿಗೆ ಹೊಳೆಯಬೇಕು! ಓಡಿಹೋಗಿ ಬಾಗಿಲು ಹಾಕಿದೆ. ವ್ಯಾಪಾರಿಯ ಮುಖ ಬಾಡಿಹೋಗಿತ್ತು. ಸಂಬಂಧ ಮುರಿಯಿತು ಅಂತಲೇ ನನಗೂ ಅನ್ನಿಸಿತು.

ಅಜ್ಜಿ ಕಣ್ಣೊರೆಸಿಕೊಂಡು ತಮ್ಮ ಮಗನಿಗೆ, ಅಂದರೆ ಗಂಡಿನ ಅಪ್ಪನಿಗೆ ಹೇಳಿದರು: "ಕೇಳಿಸ್ಕೋ. ನಾನು ಒಂದು ಮಾತಂದಿದ್ದಕ್ಕೆ ಅಂಗಡಿಯೋನ್ನೇ ಕರ್ಕೊಂಡು ಬಂದವ್ನೆ. ಈ ಮನೇಲಿ ನನ್ನ ಮಾತು ಇಷ್ಟು ಯಾರು ಕೇಳ್ತೀರಾ? ಹೆಣ್ಣು ತಂದ್ಕೊಳಾಣ ಬುಡು."

ವ್ಯಾಪಾರಿ ಕೈಮುಗಿದರು.

"ಆದ್ರೆ ಮದ್ವೆಗೆ ಮಾತ್ರ," ಅಂದರು ಅಜ್ಜಿ, "ಬೀಗರು ಬಸ್ಸಲ್ಲಿ ಬರ್ಲಿ."