ಹನೂರಿಗೆ ಹೊಗೆಯಿಲ್ಲದ ಪ್ರಯಾಣ

ಹನೂರಿನ ರೈತರು ಹವಾಮಾನ ಬದಲಾವಣೆಯ ಬಗ್ಗೆ ಮಾತಾಡಲು ಕರೆದಾಗ, ಕೊಳ್ಳೇಗಾಲದ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುವ ನಾನು ಒಂದು ಐತಿಹಾಸಿಕ ನಿರ್ಧಾರ ಕೈಗೊಂಡೆ. ಹೊಗೆಯಿಂದ ಭೂಮಿ ಬಿಸಿಯಾಗುತ್ತಿದೆ ಎನ್ನುವವನು ಹೊಗೆ ಬಿಡುವ ಬೈಕಿನಲ್ಲಿ ಹೋಗಬಾರದು. ಸೈಕಲ್ಲಿನಲ್ಲೇ ಹೋಗತಕ್ಕದ್ದು.

ಮಗ್ಗದ ಮುಂದೆ ಕೂತಿದ್ದ ನನ್ನ ಹೆಂಡತಿ ನಾಗರತ್ನ, ಮಾರ್ಚ್ ತಿಂಗಳಲ್ಲೇ ಈ ಪಾಟಿ ಬಿಸಿಲಿದೆ, ಬಸ್ಸಿಗೆ ಹೋಗಿ ಅಂದಳು. ಮಾರ್ಚ್‌ನಲ್ಲೇ ಯಾಕೆ ಈ ಪಾಟಿ ಬಿಸಿಲು ಎನ್ನುವುದೇ ನನ್ನ ಭಾಷಣದ ವಿಷಯ ಎಂದು ತಿಳಿಹೇಳಿ ಹೊರಟೆ.

ಕಾಮಗೆರೆ ದಾಟುವವರೆಗೂ ಭೂಮಿಯ ಭವಿಷ್ಯ ಉಜ್ವಲವಾಗಿಯೇ ಇತ್ತು. ಆಮೇಲೆ ಬಾಟಲಿಯ ನೀರು ಮುಗಿಯಿತು. ನೆರಳಿಗೆ ನಿಲ್ಲೋಣವೆಂದರೆ ಮರವಿರಲಿಲ್ಲ. ಮರ ಕಡಿಯುವುದರ ಪರಿಣಾಮಗಳನ್ನು ಮನಸ್ಸಿನಲ್ಲೇ ಒಪ್ಪಿಸುತ್ತಾ ಪೆಡಲ್ ತುಳಿದೆ. ಒಂದೆರಡು ನೆನಪಾಗುವಷ್ಟರಲ್ಲಿ ಕಣ್ಣು ಕತ್ತಲೆ ಬಂತು.

ಎಚ್ಚರವಾದಾಗ ಟ್ರ್ಯಾಕ್ಟರ್ ಓಡಿಸುವ ಮಾದಪ್ಪ ಎಂಬಾತ ಮುಖಕ್ಕೆ ನೀರು ಚಿಮುಕಿಸುತ್ತಿದ್ದ.

“ಸಾ, ಟ್ರೇಲರ್ ಮ್ಯಾಕೆ ಮನೀಕಳಿ, ಅನೂರಿಗೆ ಬುಡ್ತೀನಿ.”

ಟ್ರೇಲರಿನ ತುಂಬ ಸಗಣಿ ಗೊಬ್ಬರ. ಸಗಣಿಯಿಂದ ಹೊರಡುವ ಮೀಥೇನ್ ಭೂಮಿಯನ್ನು ಬಿಸಿ ಮಾಡುವ ಬಗ್ಗೆ ನನ್ನ ಭಾಷಣದಲ್ಲಿ ಒಂದು ಭಾಗವೇ ಇತ್ತು. ಈಗ ಅದರ ಮೇಲೆ ಅಂಗಾತ ಮಲಗಿ, ಎದೆಗೆ ಸೈಕಲ್ ಅವಚಿಕೊಂಡು, ಡೀಸೆಲ್ ಹೊಗೆ ಕುಡಿಯುತ್ತಾ ಹನೂರು ಪ್ರವೇಶಿಸಿದೆ.

ಸಭೆ ಸೇರಿದ್ದಲ್ಲಿ ಕರೆಂಟಿರಲಿಲ್ಲ. ನನಗೊಬ್ಬನಿಗೆ ಫ್ಯಾನ್ ಹಾಕಲು ಜನರೇಟರ್ ಓಡಿಸಿದರು. ಎಳನೀರು ಹುಡುಕಲು ದಿಕ್ಕಿಗೊಂದು ಬೈಕ್ ಹೊರಟಿತು. ಯಾರೋ ಫೋನ್ ಮಾಡಿದ್ದರಿಂದ ನಾಗರತ್ನ ಬಾಡಿಗೆ ಕಾರು ಮಾಡಿಕೊಂಡು ಬಂದಳು.

ನಾನು ಕುರ್ಚಿಗೆ ಒರಗಿಕೊಂಡೇ ಶುರು ಮಾಡಿದೆ. ಜ್ವಾಲಾಮುಖಿ, ಸೂರ್ಯನ ಶಾಖದ ಏರಿಳಿತ ಇವೆಲ್ಲ ತಾವಾಗೇ ಆಗುವ ಕಾರಣಗಳು. ಕಾಡು ಕಡಿಯುವುದು, ಪೆಟ್ರೋಲ್ ಡೀಸೆಲ್ ಉರಿಸುವುದು ನಾವು ಮಾಡಿಕೊಂಡವು. ಈಗಿನ ಬಿಸಿಗೆ ಮುಖ್ಯವಾಗಿ ನಾವೇ ಕಾರಣ ಎಂದೆ. ಮುಂದೆ ಕೂತಿದ್ದ ವಯಸ್ಸಾದ ರೈತರೊಬ್ಬರು ಎದ್ದು ಕಳಕಳಿಯಿಂದ ಕೇಳಿದರು.

“ಸಾ, ನಿಮ್ಗಾಗಿರದು ತಾನಾಗೇ ಆದ್ದಾ, ಮಾಡ್ಕಂಡಿದ್ದಾ?”

“ಮಾಡ್ಕಂಡಿದ್ದು,” ಅಂದಳು ನಾಗರತ್ನ, ಹಿಂದಿನ ಸಾಲಿನಿಂದ.

ಇಡೀ ಭಾಷಣದಲ್ಲಿ ಸಭೆಗೆ ಪೂರ್ತಿ ಅರ್ಥವಾದದ್ದು ಅದೊಂದೇ. ಎಲ್ಲರೂ ತಲೆಯಾಡಿಸಿದರು.

ವಾಪಸ್ ಬರುವಾಗ ಕಾರಿನ ಎ.ಸಿ. ಗಾಳಿ ನೇರ ಮುಖಕ್ಕೇ ಬಡಿಯುವಂತೆ ಬಾಗಿ ಕೂತಿದ್ದೆ. ನಾಗರತ್ನ ಸ್ವಲ್ಪ ಹೊತ್ತು ನೋಡಿದಳು.

“ಏನ್ರೀ, ಇದಕ್ಕೂ ಡೀಸೆಲ್ಲೇ ಉರಿಯದಲ್ವಾ? ಆಫ್ ಮಾಡುಸ್ಲಾ?”

ನಾನು ಗೊರಕೆ ಹೊಡೆಯಲು ಶುರು ಮಾಡಿದೆ.